ರೇಟಿ–ಬೊಗೊಲ್ಯೂಬೊವ್ ಪಂದ್ಯ, ನ್ಯೂಯಾರ್ಕ್ 1924

1924ರ ಏಪ್ರಿಲ್ 2ರಂದು ನ್ಯೂಯಾರ್ಕಿನ ಅಲಮ್ಯಾಕ್ ಹೋಟೆಲಿನಲ್ಲಿ, ಅಂತಾರಾಷ್ಟ್ರೀಯ ಚದುರಂಗ ಪಂದ್ಯಾವಳಿಯ 12ನೆಯ ಸುತ್ತಿನಲ್ಲಿ, ರಿಚರ್ಡ್ ರೇಟಿ ಬಿಳಿ ಕಾಯಿಗಳಿಂದ ಆಡಿ ಎಫಿಮ್ ಬೊಗೊಲ್ಯೂಬೊವ್‌ನನ್ನು 25 ನಡೆಗಳಲ್ಲಿ ಸೋಲಿಸಿದ ಆಟ. ಪಂದ್ಯಾವಳಿಯಲ್ಲಿ ಸೊಗಸಾದ ಆಟಕ್ಕೆಂದು ಇಟ್ಟಿದ್ದ ಮೊದಲ ಬಹುಮಾನ ಇದಕ್ಕೇ ಸಂದಿತು. ಆರಂಭ ಪಾರ್ಶ್ವದ್ದು. ಮೊದಲ ಏಳು ನಡೆಗಳವರೆಗೆ ಬಿಳಿಯ ರಾಜನ ಮುಂದಿನ ಕಾಲಾಳಾಗಲಿ ಮಂತ್ರಿಯ ಮುಂದಿನ ಕಾಲಾಳಾಗಲಿ ಇದ್ದ ಮನೆಯಿಂದ ಕದಲಲೇ ಇಲ್ಲ. ಕೊನೆಯ ನಡೆಯಲ್ಲಿ ಬಿಳಿಯ ಒಂದು ಒಂಟೆ ಯಾರ ಕಾವಲೂ ಇಲ್ಲದ ಮನೆಗೆ ಹೋಗಿ ಕಪ್ಪು ಆನೆಯ ಎದುರು ನಿಲ್ಲುತ್ತದೆ, ಬೊಗೊಲ್ಯೂಬೊವ್ ಆಟ ಬಿಟ್ಟುಕೊಡುತ್ತಾನೆ. ಈ ಎರಡು ತುದಿಗಳ ನಡುವೆ ಏನಾಯಿತು ಎನ್ನುವುದೇ ಆಟದ ಸ್ವಾರಸ್ಯ.

ಈ ಲೇಖನದಲ್ಲಿ ಕಾಯಿಗಳನ್ನು ಕನ್ನಡದ ಮನೆಗಳಲ್ಲಿ ಕರೆಯುವ ಹೆಸರಿನಿಂದಲೇ ಕರೆದಿದೆ. ಮೂಲೆಯಲ್ಲಿ ನಿಂತು ನೆಟ್ಟಗೆ ಓಡುವುದು ಆನೆ, ಓರೆಯಾಗಿ ಓಡುವುದು ಒಂಟೆ, ರಾಜನ ಪಕ್ಕದ್ದು ಮಂತ್ರಿ. ಉದ್ದಸಾಲುಗಳಿಗೆ ಎಡದಿಂದ ಬಲಕ್ಕೆ ಎ ಇಂದ ಎಚ್‌ವರೆಗಿನ ಅಕ್ಷರಗಳು, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗಿನ ಅಂಕಿಗಳು. ಹಲಗೆಯೊಂದನ್ನು ಎದುರಿಗಿಟ್ಟುಕೊಂಡು ಓದಿದರೆ ಲೇಖನದ ಎರಡನೆಯ ಅರ್ಧ ರುಚಿಸುತ್ತದೆ. ಹಲಗೆಯಿಲ್ಲದೆ ಓದಿದರೆ ಕೊಂಚ ಕಷ್ಟ.

ಪಾರ್ಶ್ವದ ಆರಂಭ

ಚದುರಂಗ ಕಲಿಸುವವರು ಮೊದಲ ದಿನ ಹೇಳಿಕೊಡುವ ಮಾತು ಒಂದೇ: ನಡು ಹಿಡಿ. ಹಲಗೆಯ ನಟ್ಟನಡುವಿನ ನಾಲ್ಕು ಮನೆಗಳಾದ ಡಿ4, ಇ4, ಡಿ5, ಇ5 ಯಾರ ಕೈಯಲ್ಲಿದ್ದರೆ ಅವರ ಕಾಯಿಗಳಿಗೆ ಓಡಾಡಲು ಹೆಚ್ಚು ಜಾಗ. ಆದ್ದರಿಂದ ರಾಜನ ಕಾಲಾಳನ್ನೋ ಮಂತ್ರಿಯ ಕಾಲಾಳನ್ನೋ ಎರಡು ಮನೆ ಮುಂದಕ್ಕೆ ತಳ್ಳಿ ಆಟ ಶುರುಮಾಡುವುದು ರೂಢಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ರೂಢಿಯನ್ನು ಜರ್ಮನಿಯ ಸೀಗ್‌ಬರ್ಟ್ ತರ್ರಾಷ್ ಹೆಚ್ಚುಕಡಿಮೆ ಶಾಸನದಂತೆ ಮಾಡಿಬಿಟ್ಟಿದ್ದ.

ಪಾರ್ಶ್ವದ ಆರಂಭದಲ್ಲಿ ಬಿಳಿ ಈ ಆತುರ ತೋರುವುದಿಲ್ಲ. ಕುದುರೆಯನ್ನು ಎಫ್3ಕ್ಕೆ ತಂದು, ಸಿ ಕಾಲಾಳನ್ನು ಪಕ್ಕದಿಂದ ತಳ್ಳಿ, ಜಿ ಅಥವಾ ಬಿ ಕಾಲಾಳನ್ನು ಒಂದು ಮನೆ ಎತ್ತಿ, ಅದರ ಹಿಂದಿನ ಪೊಟರೆಯಲ್ಲಿ ಒಂಟೆಯನ್ನು ಕೂರಿಸುತ್ತದೆ. ಈ ಜೋಡಣೆಗೆ ಫಿಯಾಂಕೆಟೊ ಎಂಬ ಇಟಾಲಿಯನ್ ಹೆಸರು. ಪಕ್ಕೆ ಎಂಬರ್ಥದ ಪದದಿಂದ ಬಂದದ್ದು. ಅಲ್ಲಿ ಕೂತ ಒಂಟೆ ಹಲಗೆಯ ಅತಿ ಉದ್ದದ ಓರೆಸಾಲನ್ನು ಕಾಯುತ್ತದೆ, ಆ ಸಾಲು ನಡುವಿನ ಮೂಲಕವೇ ಹಾಯುತ್ತದೆ. ಎದುರಾಳಿ ನಡುವನ್ನು ತುಂಬಿಕೊಳ್ಳಲಿ, ತುಂಬಿಕೊಂಡದ್ದನ್ನು ದೂರದಿಂದ ಹೊಡೆಯೋಣ ಎನ್ನುವುದು ಲೆಕ್ಕ. ಮನೆ ಕಟ್ಟುವವನಿಗಿಂತ ಮನೆಯ ತೊಲೆ ಎಲ್ಲಿ ಸಡಿಲವಿದೆ ಎಂದು ನೋಡುವವನ ಬುದ್ಧಿ ಇದು.

ಈ ಬುದ್ಧಿ ಯುರೋಪಿನಲ್ಲಿ ಹೊಸದಾಗಿ ಹುಟ್ಟಿದ್ದೇನಲ್ಲ. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಒಂದೊಂದೇ ಮನೆ ಏರುವ ಆಟದಲ್ಲಿ ನಡುವನ್ನು ಧಾವಿಸಿ ಹಿಡಿಯುವ ಮಾತೇ ಇಲ್ಲ. ಕಾಯಿಗಳನ್ನು ಪಕ್ಕೆಗಳಲ್ಲಿ ಜೋಡಿಸಿಕೊಂಡು ಕಾಯುವುದು ಸಹಜ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯಲ್ಲಿ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರನ್ ಎದುರು ಕೂತು ನೂರಾರು ಆಟ ಆಡಿದ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಯುರೋಪಿನ ನಿಯಮಗಳಲ್ಲಿ ಆಡುವಾಗಲೂ ಜಿ ಕಾಲಾಳನ್ನು ಒಂದೇ ಮನೆ ಎತ್ತಿ ಒಂಟೆಯನ್ನು ಅಲ್ಲಿಟ್ಟು ಆಡುತ್ತಿದ್ದ. ಇಂದಿಗೂ ಇಂಥ ರಕ್ಷಣೆಗಳ ಹೆಸರಿನಲ್ಲಿ ‘ಇಂಡಿಯನ್’ ಎಂಬ ಪದ ಉಳಿದುಕೊಂಡಿರುವುದು ಈ ಹಿನ್ನೆಲೆಯಿಂದ. ಆಗ ಅದು ವಿಚಿತ್ರವೆನಿಸಿತ್ತು. ಎಪ್ಪತ್ತು ವರ್ಷಗಳ ನಂತರ ರೇಟಿ, ನಿಮ್ಜೊವಿಚ್, ತಾರ್ತಕೋವರ್ ಮೊದಲಾದವರು ಅದಕ್ಕೆ ಸಿದ್ಧಾಂತದ ಅಂಗಿ ತೊಡಿಸಿದರು. ‘ಹೈಪರ್‌ಮಾಡರ್ನ್’ ಎಂಬ ಹೆಸರನ್ನು ಇಟ್ಟವನು ತಾರ್ತಕೋವರ್; ಇಟ್ಟಾಗ ಅರೆ ತಮಾಷೆಯೂ ಇತ್ತು.

ಹನ್ನೊಂದು ಮಂದಿ

ನ್ಯೂಯಾರ್ಕಿನ ಪಂದ್ಯಾವಳಿ ನಡೆದದ್ದು 1924ರ ಮಾರ್ಚ್ 16ರಿಂದ ಏಪ್ರಿಲ್ 18ರವರೆಗೆ. ಹನ್ನೊಂದು ಮಂದಿ ಆಟಗಾರರು. ಪ್ರತಿಯೊಬ್ಬನೂ ಉಳಿದವರ ಎದುರು ಒಮ್ಮೆ ಬಿಳಿ, ಒಮ್ಮೆ ಕಪ್ಪು, ಹೀಗೆ ಇಪ್ಪತ್ತು ಆಟ. ಆಗಿನ ವಿಶ್ವ ಚಾಂಪಿಯನ್ ಕ್ಯೂಬಾದ ಕಾಪಾಬ್ಲಾಂಕ, ಅವನಿಗೆ 1921ರಲ್ಲಿ ಪಟ್ಟ ಬಿಟ್ಟುಕೊಟ್ಟಿದ್ದ ಎಮಾನ್ಯುಯಲ್ ಲಾಸ್ಕರ್, 1927ರಲ್ಲಿ ಆ ಪಟ್ಟ ಕಿತ್ತುಕೊಳ್ಳಲಿದ್ದ ಅಲೆಖಿನ್, ಮೂವರೂ ಒಂದೇ ಕೋಣೆಯಲ್ಲಿದ್ದರು. ಗೆದ್ದವನು ಐವತ್ತೈದರ ಲಾಸ್ಕರ್, 20ಕ್ಕೆ 16 ಅಂಕ. ಕಾಪಾಬ್ಲಾಂಕ 14½, ಅಲೆಖಿನ್ 12, ಅಮೆರಿಕದ ಮಾರ್ಷಲ್ 11. ರೇಟಿ 10½ ಅಂಕದೊಡನೆ ಐದನೆಯವನು. ಬೊಗೊಲ್ಯೂಬೊವ್ 9½ ಅಂಕದೊಡನೆ ಏಳನೆಯವನು. ಪಟ್ಟಿಯಷ್ಟೇ ನೋಡಿದರೆ ರೇಟಿಯದು ಸಾಧಾರಣ ಫಲಿತಾಂಶ. ಆದರೆ ಆ ಪಂದ್ಯಾವಳಿಯ ಬಗ್ಗೆ ಮಾತು ಬಂದಾಗ ಲಾಸ್ಕರನ ಗೆಲುವಿನಷ್ಟೇ ಸಲ ರೇಟಿಯ ಎರಡು ಆಟಗಳ ಹೆಸರು ಬರುತ್ತದೆ.

ಮೊದಲನೆಯದು ಮಾರ್ಚ್ 22ರ ಐದನೆಯ ಸುತ್ತಿನದು. ಕಾಪಾಬ್ಲಾಂಕ 1916ರಿಂದ ಒಂದೂ ಆಟ ಸೋತಿರಲಿಲ್ಲ. ಅವನಿಗೆ ಸೋಲುವುದೇ ಗೊತ್ತಿಲ್ಲವೆಂದು ಜನ ನಂಬಿಬಿಟ್ಟಿದ್ದ ಹೊತ್ತು. ರೇಟಿ ಮೊದಲ ನಡೆಯಲ್ಲಿ ಕುದುರೆಯನ್ನು ಎಫ್3ಕ್ಕೆ ಇಟ್ಟ, ಎರಡು ಒಂಟೆಗಳನ್ನೂ ಎರಡು ಪಕ್ಕೆಗಳಲ್ಲಿ ಕೂರಿಸಿದ, 31ನೆಯ ನಡೆಯಲ್ಲಿ ಚಾಂಪಿಯನ್ ಸೋಲೊಪ್ಪಿದ. ಎಂಟು ವರ್ಷಗಳ ಸರಣಿ ಮುರಿಯಿತು. ಹೊಸ ಆರಂಭಕ್ಕೆ ಇದಕ್ಕಿಂತ ದೊಡ್ಡ ಡಂಗುರ ಬೇಕಿರಲಿಲ್ಲ.

ಅದೇ ಪಂದ್ಯಾವಳಿಯಲ್ಲಿ ಪಾರ್ಶ್ವದ ಇನ್ನೊಂದು ಆರಂಭವೂ ನಾಮಕರಣಗೊಂಡಿತು. ಬಿಡುವಿನ ದಿನ ಬ್ರಾಂಕ್ಸ್ ಮೃಗಾಲಯಕ್ಕೆ ಹೋಗಿದ್ದ ತಾರ್ತಕೋವರ್ ಅಲ್ಲಿಯ ಒರಾಂಗುಟಾನ್ ಒಂದರ ‘ಸಲಹೆ’ ಪಡೆದೆನೆಂದು ಹೇಳಿ ಮಾರೋತ್ಸಿಯ ಎದುರು ಬಿ ಕಾಲಾಳನ್ನು ಎರಡು ಮನೆ ತಳ್ಳಿ ಆಟ ಶುರುಮಾಡಿದ. ಆ ಆರಂಭಕ್ಕೆ ಒರಾಂಗುಟಾನ್ ಎಂಬ ಹೆಸರೇ ನಿಂತಿತು.

ಇನ್ನು ರೇಟಿಯ ಆರಂಭಕ್ಕೆ ಮದ್ದು ಹುಡುಕಿದವನೂ ಅಲ್ಲಿಯೇ ಇದ್ದ. ಲಾಸ್ಕರ್ ಕಪ್ಪು ಕಾಯಿಗಳಿಂದ ಆಡುತ್ತ, ಇ ಕಾಲಾಳನ್ನು ಎತ್ತುವ ಮುಂಚೆಯೇ ಸಿ8ರ ಒಂಟೆಯನ್ನು ಎಫ್5ಕ್ಕೆ ಹೊರತಂದ. ಬಾಗಿಲು ಮುಚ್ಚುವ ಮೊದಲು ದನವನ್ನು ಹಟ್ಟಿಯಿಂದ ಬಿಟ್ಟಂತೆ. ಆ ಆಟವನ್ನು ಲಾಸ್ಕರ್ ಗೆದ್ದ, ಆ ಜೋಡಣೆಗೆ ಆಮೇಲೆ ನ್ಯೂಯಾರ್ಕ್ ಪದ್ಧತಿಯೆಂದು ಹೆಸರಾಯಿತು. ಬೊಗೊಲ್ಯೂಬೊವ್ ಹೀಗೆ ಮಾಡಲಿಲ್ಲ ಎನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಇಬ್ಬರು ಆಟಗಾರರು

ಇಬ್ಬರೂ 1889ರಲ್ಲಿ ಹುಟ್ಟಿದವರು. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ.

ರೇಟಿ ಹುಟ್ಟಿದ್ದು ಆಗಿನ ಆಸ್ಟ್ರಿಯ-ಹಂಗೆರಿಯ, ಈಗಿನ ಸ್ಲೊವಾಕಿಯದ ಪೆಜಿನೊಕ್‌ನಲ್ಲಿ. ವಿಯೆನ್ನಾದಲ್ಲಿ ಗಣಿತ ಓದಿದವನು. ಅಣ್ಣ ರುಡಾಲ್ಫ್ ಪಿಯಾನೊ ವಾದಕ, ಸಂಗೀತಶಾಸ್ತ್ರಜ್ಞ. ಹೊಸ ಚದುರಂಗದ ವಿಚಾರಗಳನ್ನು ವಿವರಿಸುವ ಪುಸ್ತಕವನ್ನು 1922ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದಿದ್ದ. ಅಂದರೆ ನ್ಯೂಯಾರ್ಕಿಗೆ ಬಂದಾಗ ಅವನು ಬರೀ ಆಟಗಾರನಲ್ಲ, ಒಂದು ವಾದದ ವಕೀಲ. 1923ರಲ್ಲಿ ಕಾರ್ಲ್ಸ್‌ಬಾದಿನಲ್ಲಿ ರೂಬಿನ್‌ಸ್ಟೈನ್‌ನನ್ನು ಇದೇ ಆರಂಭದಿಂದ ಸೋಲಿಸಿಯೂ ಇದ್ದ. 1925ರಲ್ಲಿ ಸಾವೊ ಪೌಲೊದಲ್ಲಿ 29 ಹಲಗೆಗಳನ್ನು ಕಣ್ಣಿಂದ ನೋಡದೆ ಏಕಕಾಲಕ್ಕೆ ಆಡಿ ದಾಖಲೆ ಮಾಡಿದ. ಮುಗಿಸಿ ಹೊರಟಾಗ ಚೀಲವನ್ನು ಅಲ್ಲೇ ಮರೆತಿದ್ದ, ತಂದುಕೊಟ್ಟವರಿಗೆ ತನ್ನ ಮರೆವಿನ ಬಗ್ಗೆ ಹೇಳಿಕೊಂಡ ಎಂಬ ಕತೆ ಚದುರಂಗದ ಲೋಕದಲ್ಲಿ ಪ್ರಚಲಿತ.

ಅವನ ಮನಸ್ಸು ಹೇಗೆ ಓಡುತ್ತಿತ್ತೆಂದು ನೋಡಲು ಅವನು 1921ರಲ್ಲಿ ಕಟ್ಟಿದ ಒಂದು ಪುಟ್ಟ ಸಮಸ್ಯೆ ಸಾಕು. ಹಲಗೆಯ ಮೇಲೆ ನಾಲ್ಕೇ ಕಾಯಿ. ಬಿಳಿಯ ರಾಜ ಎಚ್8ರಲ್ಲಿ, ಬಿಳಿಯ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ನಡೆ ಬಿಳಿಯದು, ಆಟ ಸಮವಾಗಬೇಕು. ನೋಡಿದವರೆಲ್ಲ ಆಗದು ಎನ್ನುತ್ತಾರೆ: ಕಪ್ಪು ಕಾಲಾಳನ್ನು ಹಿಡಿಯಲು ರಾಜ ಎರಡು ಹೆಜ್ಜೆ ಹಿಂದಿದ್ದಾನೆ, ತನ್ನ ಕಾಲಾಳನ್ನು ಕಾಯಲೂ ದೂರ. ರೇಟಿಯ ರಾಜ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿಯುತ್ತಾನೆ. ಪ್ರತಿ ಹೆಜ್ಜೆಯೂ ಎರಡು ಕೆಲಸ ಮಾಡುತ್ತದೆ. ಒಂದು ಕಾಲಾಳಿಗೂ ಹತ್ತಿರ, ಇನ್ನೊಂದಕ್ಕೂ ಹತ್ತಿರ. ಕಪ್ಪು ರಾಜ ಸಿ6ರ ಕಾಲಾಳನ್ನು ತಿಂದರೆ ಬಿಳಿಯ ರಾಜ ಎಫ್4ಕ್ಕೆ ಹಾರಿ ಎಚ್ ಕಾಲಾಳನ್ನು ಹಿಡಿಯುತ್ತಾನೆ. ತಿನ್ನದೆ ಓಡಿದರೆ ಡಿ6ಕ್ಕೆ ಬಂದು ತನ್ನ ಕಾಲಾಳನ್ನು ಮಂತ್ರಿಯಾಗಿಸುತ್ತಾನೆ. ಚದುರಂಗದ ಹಲಗೆಯಲ್ಲಿ ಓರೆ ದಾರಿ ನೇರ ದಾರಿಗಿಂತ ಉದ್ದವಲ್ಲ ಎಂಬ ಗಣಿತದ ಚಿಕ್ಕ ಸಂಗತಿ ಅಷ್ಟೆ. ಆದರೆ ಅದನ್ನು ಕಂಡವನು ರೇಟಿ. ಬೊಗೊಲ್ಯೂಬೊವ್ ವಿರುದ್ಧದ ಆಟವೂ ಕೊನೆಗೆ ನಿಲ್ಲುವುದು ಇಂಥದೇ ಒಂದು ಜ್ಯಾಮಿತಿಯ ಮೇಲೆ.

ಬೊಗೊಲ್ಯೂಬೊವ್ ಉಕ್ರೇನಿನವನು, ಹುಟ್ಟಿದ್ದು ಕೀವ್ ಪ್ರಾಂತದಲ್ಲಿ. 1914ರಲ್ಲಿ ಮನ್‌ಹೈಮ್ ಪಂದ್ಯಾವಳಿಗೆ ಜರ್ಮನಿಗೆ ಹೋಗಿದ್ದಾಗ ಮಹಾಯುದ್ಧ ಶುರುವಾಯಿತು, ಇತರ ರಷ್ಯನ್ ಆಟಗಾರರ ಜೊತೆ ಅಲ್ಲೇ ಸೆರೆಯಾದ. ಅಲ್ಲೇ ಮದುವೆಯಾಗಿ ನೆಲೆಸಿದ. ಧಾರಾಳ ಮೈಕಟ್ಟು, ಧಾರಾಳ ಆತ್ಮವಿಶ್ವಾಸ. ಬಿಳಿಯಿಂದ ಆಡಿದರೆ ಬಿಳಿಯೆಂದು ಗೆಲ್ಲುತ್ತೇನೆ, ಕಪ್ಪಿನಿಂದ ಆಡಿದರೆ ಬೊಗೊಲ್ಯೂಬೊವ್ ಎಂದು ಗೆಲ್ಲುತ್ತೇನೆ ಎಂಬರ್ಥದ ಮಾತನ್ನು ಅವನ ಹೆಸರಿಗೆ ಕಟ್ಟಿದ್ದಾರೆ. ಈ ಆಟದಲ್ಲಿ ಅವನು ಕಪ್ಪಿನಿಂದ ಆಡುತ್ತಿದ್ದ.

ಆಟ

ಪೂರ್ತಿ ಆಟ ಹೀಗಿದೆ. ಕು ಎಂದರೆ ಕುದುರೆ, ಒಂ ಒಂಟೆ, ಆ ಆನೆ, ಮಂ ಮಂತ್ರಿ, ರಾ ರಾಜ. ಏನೂ ಇಲ್ಲದಿದ್ದರೆ ಕಾಲಾಳು. × ಎಂದರೆ ತಿಂದದ್ದು, + ಎಂದರೆ ಚೆಕ್.

1. ಕು-ಎಫ್3 ಡಿ5 2. ಸಿ4 ಇ6 3. ಜಿ3 ಕು-ಎಫ್6 4. ಒಂ-ಜಿ2 ಒಂ-ಡಿ6 5. ಕ್ಯಾಸಲಿಂಗ್, ಕ್ಯಾಸಲಿಂಗ್ 6. ಬಿ3 ಆ-ಇ8 7. ಒಂ-ಬಿ2 ಕು(ಬಿ)-ಡಿ7 8. ಡಿ4 ಸಿ6 9. ಕು(ಬಿ)-ಡಿ2 ಕು-ಇ4 10. ಕು×ಇ4 ಡಿ×ಇ4 11. ಕು-ಇ5 ಎಫ್5 12. ಎಫ್3 ಇ×ಎಫ್3 13. ಒಂ×ಎಫ್3 ಮಂ-ಸಿ7 14. ಕು×ಡಿ7 ಒಂ×ಡಿ7 15. ಇ4 ಇ5 16. ಸಿ5 ಒಂ-ಎಫ್8 17. ಮಂ-ಸಿ2 ಇ×ಡಿ4 18. ಇ×ಎಫ್5 ಆ(ಎ)-ಡಿ8 19. ಒಂ-ಎಚ್5 ಆ-ಇ5 20. ಒಂ×ಡಿ4 ಆ×ಎಫ್5 21. ಆ×ಎಫ್5 ಒಂ×ಎಫ್5 22. ಮಂ×ಎಫ್5 ಆ×ಡಿ4 23. ಆ-ಎಫ್1 ಆ-ಡಿ8 24. ಒಂ-ಎಫ್7+ ರಾ-ಎಚ್8 25. ಒಂ-ಇ8. ಕಪ್ಪು ಸೋಲೊಪ್ಪಿತು.

ಎರಡನೆಯ ನಡೆಯಲ್ಲೇ ಬೊಗೊಲ್ಯೂಬೊವ್ ಇ6 ಆಡಿ ಸಿ8ರ ಒಂಟೆಯನ್ನು ಒಳಗೆ ಕೂಡಿಹಾಕಿದ. ಗಟ್ಟಿಮುಟ್ಟಾದ ಜೋಡಣೆ, ಆಗ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ಒಂಟೆ ಮೊದಲ ಸಲ ಕದಲುವುದು 14ನೆಯ ನಡೆಯಲ್ಲಿ, ಅದೂ ಡಿ7ರ ಕುದುರೆಯ ಬದಲಿಗೆ ಎದ್ದು ನಿಲ್ಲಲು. ಬಿಳಿಯ ಎರಡು ಒಂಟೆಗಳಾದರೋ ಏಳನೆಯ ನಡೆಯ ಹೊತ್ತಿಗೆ ಜಿ2 ಮತ್ತು ಬಿ2ರಲ್ಲಿ ಸಿದ್ಧ.

ಎಂಟನೆಯ ನಡೆಯಲ್ಲಿ ರೇಟಿ ಡಿ4 ಆಡುತ್ತಾನೆ. ಹೊಸ ಪಂಥದವನೆಂದು ಹೆಸರಾದವನು ಇಲ್ಲಿ ತರ್ರಾಷ್ ಮೆಚ್ಚುವಂಥ ನಡೆ ಆಡುತ್ತಿದ್ದಾನಲ್ಲ ಎನಿಸಬಹುದು. ಈ ಆಟವನ್ನು ‘ನಡು ಬಿಟ್ಟು ಗೆದ್ದ ಆಟ’ ಎಂದು ವರ್ಣಿಸಿರುವವರು ಹಲಗೆಯನ್ನು ನೋಡಿಲ್ಲವೆಂದೇ ಹೇಳಬೇಕು. ರೇಟಿ ನಡುವನ್ನು ಬಿಡಲಿಲ್ಲ, ಹಿಡಿಯುವ ಗಳಿಗೆಯನ್ನು ಮುಂದಕ್ಕೆ ಹಾಕಿದ. ಕಪ್ಪು ಕಾಯಿಗಳು ಎಲ್ಲಿ ಕೂತವು ಎಂದು ನೋಡಿಕೊಂಡ ಮೇಲೆ ಬಂದು ಕೂತ.

ಒಂಬತ್ತನೆಯ ನಡೆಯಲ್ಲಿ ಬಿಳಿಯ ಎರಡನೆಯ ಕುದುರೆ ಡಿ2ಕ್ಕೆ ಬಂದಾಗ ಇ4ರ ಬೆದರಿಕೆ ಎದ್ದಿದೆ. ಬೊಗೊಲ್ಯೂಬೊವ್ ಆಗ ಇ5 ಎಂದು ತಾನೇ ನಡುವನ್ನು ಒಡೆಯಬಹುದಿತ್ತು. ಡಿ5ರ ಕಾಲಾಳು ಒಂಟಿಯಾಗಿ ಉಳಿಯುವ ಭಯವಿದ್ದರೂ ಸಿ8ರ ಒಂಟೆಗೆ ಉಸಿರಾಡಲು ದಾರಿಯಾಗುತ್ತಿತ್ತು. ಅವನು ಆಡಿದ್ದು ಕುದುರೆ ಇ4. ಕುದುರೆಗಳು ಬದಲಾದವು, ಕಪ್ಪು ಕಾಲಾಳೊಂದು ಇ4ರಲ್ಲಿ ಮುಂದಕ್ಕೆ ಬಂದು ಸಿಕ್ಕಿಕೊಂಡಿತು, ಅದನ್ನು ಕಾಯಲು ಎಫ್5 ಆಡಬೇಕಾಯಿತು. ಎಫ್5 ಆಡಿದ್ದರಿಂದ ರಾಜನ ಮುಂದಿನ ಒಂದು ಹಲಗೆ ಕಿತ್ತಂತಾಯಿತು. ಒಂದು ನಡೆ ಇನ್ನೊಂದನ್ನು ಎಳೆದುತರುವ ಈ ಸರಪಳಿ ಸಾಲ ತೀರಿಸಲು ಸಾಲ ಮಾಡುವವನ ಲೆಕ್ಕದಂತೆ ಸಾಗುತ್ತದೆ.

12ನೆಯ ನಡೆಯಲ್ಲಿ ರೇಟಿ ಎಫ್3 ಎಂದು ಇ4ರ ಕಾಲಾಳನ್ನು ಕೆಣಕಿ, ಅದು ತಿಂದಾಗ ಒಂಟೆಯಿಂದ ತಿರುಗಿ ತಿಂದ. ಕಾಲಾಳಿನಿಂದ ತಿನ್ನಬಹುದಿತ್ತು. ತಿನ್ನಲಿಲ್ಲ, ಯಾಕೆಂದರೆ ಆ ಕಾಲಾಳಿಗೆ ಬೇರೆ ಕೆಲಸವಿದೆ: 15ನೆಯ ನಡೆಯಲ್ಲಿ ಅದು ಇ4ಕ್ಕೆ ಹೋಗುತ್ತದೆ. ಆಗ ಬಿಳಿಯ ಕಾಲಾಳುಗಳು ಸಿ4, ಡಿ4, ಇ4ರಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ.

ಬೊಗೊಲ್ಯೂಬೊವ್ ಸುಮ್ಮನೆ ಕೂರುವ ಪೈಕಿಯಲ್ಲ. ಇ5 ಎಂದು ಎದುರೇಟು ಕೊಟ್ಟ. ಈಗ ನಡುವಿನಲ್ಲಿ ನಾಲ್ಕು ಕಾಲಾಳುಗಳು ಒಂದನ್ನೊಂದು ತಿನ್ನಲು ಸಿದ್ಧವಾಗಿ ನಿಂತಿವೆ. ರೇಟಿ ಯಾವುದನ್ನೂ ತಿನ್ನದೆ ಸಿ5 ಆಡಿ ಡಿ6ರ ಒಂಟೆಯನ್ನು ಒದ್ದೋಡಿಸಿದ. ಅದು ಎಫ್8ಕ್ಕೆ ಹಿಂದೆ ಸರಿಯಿತು. ಆ ಗಳಿಗೆಯಲ್ಲಿ ಅಂಥ ದೊಡ್ಡ ನಡೆಯೆನಿಸದು. ಆದರೆ ಒಂಬತ್ತು ನಡೆಗಳ ನಂತರ ಎಫ್8ರ ಈ ಒಂಟೆಯೇ ಆಟದ ಗುರಿಯಾಗುತ್ತದೆ. ಎರಡನೆಯ ನಡೆಯಲ್ಲಿ ಪಕ್ಕದಿಂದ ಹೊರಟ ಸಿ ಕಾಲಾಳು ಮಾಡಿದ ಕೆಲಸ ಅದು. ಮುಂದಿನ ನಡೆಯಲ್ಲಿ ಮಂತ್ರಿ ಸಿ2ಕ್ಕೆ ಬಂದು ಎಫ್5ರ ಮೇಲೆ ಇನ್ನೊಂದು ಕಣ್ಣಿಟ್ಟಿತು. ಕಪ್ಪು ಅಲ್ಲಿ ಎಫ್5ರ ಕಾಲಾಳಿನಿಂದ ಇ4ರದ್ದನ್ನು ತಿಂದಿದ್ದರೆ ಬಿಳಿಯ ಒಂಟೆ ಇ4ಕ್ಕೆ ಬಂದು, ಹಿಂದೆ ಮಂತ್ರಿಯ ಬಲದೊಡನೆ ಎಚ್7ರ ಮೇಲೆ ಬೀಳುತ್ತಿತ್ತು.

18ರಿಂದ 22ರವರೆಗಿನ ಭಾಗ ಸಂತೆಯ ವ್ಯಾಪಾರದಂತೆ: ತಿನ್ನುವುದು, ತಿನ್ನಿಸುವುದು. ಬಿಳಿಯ ಒಂಟೆ ಎಚ್5ಕ್ಕೆ ಹೋಗಿ ಇ8ರ ಆನೆಯನ್ನು ಎಬ್ಬಿಸುತ್ತದೆ, ಆ ಆನೆ ಇ5ಕ್ಕೆ ಬರುತ್ತದೆ, ಬಿ2ರಲ್ಲಿ ಅಷ್ಟು ಹೊತ್ತು ತಾಳಿಕೊಂಡು ಕೂತಿದ್ದ ಒಂಟೆ ಡಿ4ರ ಕಾಲಾಳನ್ನು ತಿಂದು ಮತ್ತೆ ಅದೇ ಆನೆಯನ್ನು ಹೊಡೆಯುತ್ತದೆ. ಆನೆ ಎಫ್5ರಲ್ಲಿ ತಿನ್ನುತ್ತದೆ, ಆನೆಗೆ ಆನೆ, ಒಂಟೆಗೆ ಒಂಟೆ. ಕೊನೆಗೆ ಬೊಗೊಲ್ಯೂಬೊವನ ಉಳಿದ ಆನೆ ಡಿ4ರ ಒಂಟೆಯನ್ನು ತಿಂದು ಲೆಕ್ಕ ಚುಕ್ತಾ ಮಾಡುತ್ತದೆ.

ಈಗ ಹಲಗೆಯ ಮೇಲಿನ ಕಾಯಿಗಳನ್ನು ಎಣಿಸಿದರೆ, ಬಿಳಿಗೆ ಒಂದು ಮಂತ್ರಿ, ಒಂದು ಆನೆ, ಒಂದು ಒಂಟೆ, ಐದು ಕಾಲಾಳು. ಕಪ್ಪಿಗೆ ಒಂದು ಮಂತ್ರಿ, ಒಂದು ಆನೆ, ಒಂದು ಒಂಟೆ, ಐದು ಕಾಲಾಳು. ಒಂದು ಕಾಲಾಳಿನ ವ್ಯತ್ಯಾಸವೂ ಇಲ್ಲ. ಕಾಯಿಗಳನ್ನಷ್ಟೇ ಎಣಿಸುವವರು ಇಲ್ಲಿ ಕೈಕುಲುಕಿ ಡ್ರಾ ಮಾಡಿಕೊಂಡು ಏಳಬಹುದು.

25ನೆಯ ನಡೆ

ರೇಟಿ 23ನೆಯ ನಡೆಯಲ್ಲಿ ಮೂಲೆಯಲ್ಲಿದ್ದ ಆನೆಯನ್ನು ಎಫ್1ಕ್ಕೆ ತರುತ್ತಾನೆ. ಎಫ್5ರಲ್ಲಿ ಮಂತ್ರಿ, ಹಿಂದೆ ಅದೇ ಸಾಲಿನಲ್ಲಿ ಆನೆ. ಬೆದರಿಕೆ ಸರಳ: ಮಂತ್ರಿ ಎಫ್8ರ ಒಂಟೆಯನ್ನು ತಿಂದರೆ ಅಲ್ಲಿಗೆ ಚೆಕ್‌ಮೇಟ್. ಕಪ್ಪು ಆನೆ ಒಂಟೆಯನ್ನು ತಿನ್ನಲೆಂದು ಡಿ4ರವರೆಗೆ ಹೋಗಿದೆ, ಮನೆಯಲ್ಲಿ ಕಾವಲಿಲ್ಲ. ಅದಕ್ಕೇ ಅದು ಓಡಿ ಡಿ8ಕ್ಕೆ ಬರುತ್ತದೆ. ಎಂಟನೆಯ ಅಡ್ಡಸಾಲಿನಲ್ಲಿ ಡಿ8ರಿಂದ ಎಫ್8ಕ್ಕೆ ಎರಡೇ ಮನೆ, ನಡುವೆ ಇ8 ಖಾಲಿ. ಕಾವಲು ಕೂತಿತು.

ಬಿಳಿಯ ಒಂಟೆ ಎಫ್7ಕ್ಕೆ ಬಂದು ಚೆಕ್ ಕೊಡುತ್ತದೆ. ಕಪ್ಪು ಮಂತ್ರಿ ಅದನ್ನು ತಿಂದರೆ ಬಿಳಿಯ ಮಂತ್ರಿ ತಿರುಗಿ ತಿನ್ನುತ್ತದೆ, ಒಂಟೆಗೆ ಮಂತ್ರಿ ಹೋಗುತ್ತದೆ. ಆದ್ದರಿಂದ ರಾಜ ಎಚ್8ರ ಮೂಲೆಗೆ ಸರಿಯುತ್ತಾನೆ. ಈಗ ಮಂತ್ರಿ ನೇರವಾಗಿ ಎಫ್8ರಲ್ಲಿ ತಿನ್ನುವಂತಿಲ್ಲ, ತನ್ನದೇ ಒಂಟೆ ದಾರಿಗೆ ಅಡ್ಡ ನಿಂತಿದೆ. ಒಂಟೆ ಸುಮ್ಮನೆ ದಾರಿ ಬಿಟ್ಟರೂ ಪ್ರಯೋಜನವಿಲ್ಲ, ಕಪ್ಪು ಆನೆ ತಿರುಗಿ ತಿನ್ನುತ್ತದೆ. ಎಫ್7ರಲ್ಲಿ ಒಂಟೆ ಇರುವವರೆಗೆ ಬಿಳಿಯ ಆನೆಗೂ ದಾರಿಯಿಲ್ಲ. ಒಂಟೆ ಸರಿಯಬೇಕು, ಸರಿಯುವಾಗಲೇ ಏನಾದರೂ ಮಾಡಬೇಕು.

ರೇಟಿ ಅದನ್ನು ಒಂದು ಮನೆ ಓರೆಯಾಗಿ ಮುಂದಕ್ಕೆ, ಇ8ಕ್ಕೆ ಇಟ್ಟ. ಅಲ್ಲಿ ಅದಕ್ಕೆ ಯಾರ ಬೆಂಬಲವೂ ಇಲ್ಲ, ಪಕ್ಕದಲ್ಲೇ ಕಪ್ಪು ಆನೆ. ಆದರೆ ಅದು ನಿಂತಿರುವುದು ಡಿ8ಕ್ಕೂ ಎಫ್8ಕ್ಕೂ ಸರಿಯಾಗಿ ನಡುವೆ. ಆನೆಯ ಕಣ್ಣಿಗೆ ಕೈ ಅಡ್ಡ ಹಿಡಿದಂತೆ. ಆನೆ ಅದನ್ನು ತಿಂದರೆ ಮಂತ್ರಿ ಎಫ್8ರಲ್ಲಿ ತಿಂದು ಚೆಕ್ ಕೊಡುತ್ತದೆ, ಆನೆ ಮಂತ್ರಿಯನ್ನು ತಿನ್ನಲೇಬೇಕು, ಬಿಳಿಯ ಆನೆ ಎಫ್8ರಲ್ಲಿ ತಿಂದು ಮೇಟ್. ತಿನ್ನದಿದ್ದರೆ ಮಂತ್ರಿಯ ಮೊದಲ ಏಟಿಗೇ ಮೇಟ್. ಎಫ್8ರ ಒಂಟೆ ಡಿ6ಕ್ಕೋ ಇ7ಕ್ಕೋ ಓಡಿಹೋದರೆ ಮಂತ್ರಿ ಖಾಲಿ ಎಫ್8ಕ್ಕೇ ಬಂದು ಬಲಿಯಾಗುತ್ತದೆ, ಒಂಟೆ ತಿರುಗಿ ಬಂದು ತಿನ್ನುತ್ತದೆ, ಮತ್ತೆ ಆನೆಯಿಂದ ಮೇಟ್. ಒಂಟೆ ಸಿ5ರ ಕಾಲಾಳನ್ನು ತಿಂದು ಚೆಕ್ ಕೊಟ್ಟರೆ ಮಂತ್ರಿ ಅದನ್ನೇ ತಿಂದು ಒಂದು ಕಾಯಿ ಮುಂದಾಗುತ್ತದೆ. ಆಗಲೂ ಕಪ್ಪು ಆನೆ ಇ8ರಲ್ಲಿ ತಿನ್ನುವಂತಿಲ್ಲ, ಮಂತ್ರಿ ಸಿ5ರಿಂದ ಎಫ್8ಕ್ಕೆ ಓರೆಯಾಗಿ ಬಂದು ಅದೇ ಕತೆ. ಬೊಗೊಲ್ಯೂಬೊವ್ ಇಷ್ಟನ್ನೂ ನೋಡಿರಬೇಕು. ಇನ್ನೊಂದು ನಡೆ ಆಡಲಿಲ್ಲ.

ಇದೇ ತಂತ್ರದ ಅವಳಿ ಆಟದಲ್ಲಿ ಕಾಣಿಸಿಕೊಳ್ಳದೆ ಉಳಿಯಿತು. 23ನೆಯ ನಡೆಯಲ್ಲಿ ಆನೆ ಡಿ8ಕ್ಕೆ ಬಾರದೆ ಮಂತ್ರಿಯೇ ಇ7ಕ್ಕೆ ಬಂದು ಎಫ್8ನ್ನು ಕಾದಿದ್ದರೆ? ಆಗಲೂ ಒಂಟೆ ಎಫ್7ರಿಂದ ಚೆಕ್, ರಾಜ ಎಚ್8. ಆಮೇಲೆ ಒಂಟೆ ಇ8ಕ್ಕಲ್ಲ, ಡಿ5ಕ್ಕೆ. ಅಲ್ಲೂ ಕಪ್ಪು ಕಾಲಾಳು ಅದನ್ನು ತಿನ್ನಬಹುದು. ಅಲ್ಲೂ ಅದು ಅಡ್ಡ ನಿಲ್ಲುತ್ತದೆ, ಈ ಸಲ ಡಿ ಸಾಲಿನಲ್ಲಿ, ಡಿ4ರ ಆನೆ ಮನೆಗೆ ಹಿಂದಿರುಗದಂತೆ. ಕಪ್ಪು ಮಂತ್ರಿ ಎಫ್6ಕ್ಕೆ ಬಂದು ತಡೆದರೆ ಬಿಳಿಯ ಮಂತ್ರಿ ಸಿ8ಕ್ಕೆ ಹಾರಿ ಗೆಲ್ಲುತ್ತದೆ. ಕಪ್ಪು ಎಲ್ಲಿ ಕಾವಲಿಟ್ಟರೆ ಅಲ್ಲಿಗೆ ಹೋಗಿ ಅಡ್ಡ ನಿಲ್ಲುವ ಒಂಟೆ.

ಈ ಒಂಟೆಯ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಬೇಕು. ನಾಲ್ಕನೆಯ ನಡೆಯಲ್ಲಿ ಜಿ2, ಹದಿಮೂರರಲ್ಲಿ ಎಫ್3, ಹತ್ತೊಂಬತ್ತರಲ್ಲಿ ಎಚ್5, ಇಪ್ಪತ್ತನಾಲ್ಕರಲ್ಲಿ ಎಫ್7, ಇಪ್ಪತ್ತೈದರಲ್ಲಿ ಇ8. ಅದರ ಜೊತೆಗಾರ ಬಿ2ರ ಒಂಟೆ ಇಡೀ ಆಟದಲ್ಲಿ ಎರಡೇ ಸಲ ಕದಲಿತು. ಎರಡನೆಯ ಸಲ ಡಿ4ಕ್ಕೆ ಬಂದು ಪ್ರಾಣ ಬಿಟ್ಟು ಕಪ್ಪು ಆನೆಯನ್ನು ಮನೆಯಿಂದ ಹೊರಗೆಳೆಯಿತು. ಪಕ್ಕೆಗಳಲ್ಲಿ ಕೂತ ಒಂಟೆಗಳು ದೂರದಿಂದಲೇ ಕೆಲಸ ಮಾಡುತ್ತವೆ ಎನ್ನುವ ಸಿದ್ಧಾಂತದ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಇವು ದೂರದಿಂದ ಶುರುಮಾಡಿ, ಒಂದು ನಡುವಿನಲ್ಲಿ ಸತ್ತು, ಇನ್ನೊಂದು ವೈರಿಯ ಹಿತ್ತಲಲ್ಲಿ ನಿಂತು ಮುಗಿಸಿದವು.

ಆಮೇಲೆ

ಪಂದ್ಯಾವಳಿಯ ಎಲ್ಲ ಆಟಗಳಿಗೂ ಅಲೆಖಿನ್ ಟಿಪ್ಪಣಿ ಬರೆದ ಪುಸ್ತಕ 1925ರಲ್ಲಿ ಪ್ರಕಟವಾಯಿತು. ಚದುರಂಗದ ಪಂದ್ಯಾವಳಿ ಪುಸ್ತಕಗಳಲ್ಲಿ ಅದಕ್ಕೆ ಸಮನಾದವು ಕಡಿಮೆ. ಈ ಆಟ ಜಗತ್ತಿಗೆ ಹರಡಿದ್ದು ಮುಖ್ಯವಾಗಿ ಆ ಪುಸ್ತಕದಿಂದ. ಈಗ ತಂತ್ರಗಳನ್ನು ಕಲಿಸುವ ಪುಸ್ತಕಗಳಲ್ಲಿ ಇದರ ಕೊನೆಯ ಚಿತ್ರವೊಂದನ್ನೇ ಕತ್ತರಿಸಿ, ‘ಬಿಳಿಯ ನಡೆ, ಗೆಲುವು’ ಎಂದು ಕೊಡುವುದುಂಟು. ಉತ್ತರ ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ, ಕೇಳಿದ್ದಾರೆಂದರೆ ಏನೋ ಇದೆ ಎಂದು ಗೊತ್ತಾಗಿಬಿಡುತ್ತದೆ. ಹಲಗೆಯ ಎದುರು ಕೂತವನಿಗೆ ಯಾರೂ ಹಾಗೆ ಕೇಳುವುದಿಲ್ಲ.

ಪಾರ್ಶ್ವದ ಆರಂಭವೇ ಗೆಲ್ಲಿಸಿತು ಎಂದು ತಿಳಿದರೆ ತಪ್ಪಾಗುತ್ತದೆ. ಮರುವರ್ಷ ಬಾಡೆನ್-ಬಾಡೆನ್‌ನಲ್ಲಿ ರೇಟಿ ಮೊದಲ ನಡೆಯಾಗಿ ಜಿ3 ಆಡಿ ಅಲೆಖಿನ್ ಎದುರು ಸೋತ. ಅಲೆಖಿನ್ ಜೀವಮಾನದ ಅತ್ಯುತ್ತಮ ಆಟಗಳಲ್ಲಿ ಅದೂ ಒಂದೆಂದು ಎಣಿಸುತ್ತಾರೆ. ಅದೇ 1925ರ ಕೊನೆಯಲ್ಲಿ ಬೊಗೊಲ್ಯೂಬೊವ್ ಮಾಸ್ಕೊ ಪಂದ್ಯಾವಳಿಯಲ್ಲಿ ಲಾಸ್ಕರ್, ಕಾಪಾಬ್ಲಾಂಕ ಇಬ್ಬರನ್ನೂ ಹಿಂದಿಕ್ಕಿ ಮೊದಲಿಗನಾದ. 1929 ಮತ್ತು 1934ರಲ್ಲಿ ವಿಶ್ವ ಪಟ್ಟಕ್ಕಾಗಿ ಅಲೆಖಿನ್ ಜೊತೆ ಸೆಣಸಿ ಎರಡೂ ಸಲ ಸೋತ. 1952ರಲ್ಲಿ ಜರ್ಮನಿಯ ಟ್ರೀಬರ್ಗ್‌ನಲ್ಲಿ ತೀರಿಕೊಂಡ. ಕುದುರೆಯನ್ನು ಎಫ್3ಕ್ಕೆ ತರುವ ಮೊದಲ ನಡೆಯಾದರೋ ವಿಚಿತ್ರದ ಪಟ್ಟಿಯಿಂದ ದಿನಬಳಕೆಯ ಪಟ್ಟಿಗೆ ಸರಿದಿದೆ. ವ್ಲಾದಿಮಿರ್ ಕ್ರಾಮ್ನಿಕ್‌ನಂಥ ವಿಶ್ವ ಚಾಂಪಿಯನ್ ಅದನ್ನು ವರ್ಷಗಟ್ಟಲೆ ತನ್ನ ಮುಖ್ಯ ಆಯುಧ ಮಾಡಿಕೊಂಡಿದ್ದ.

ರೇಟಿ 1929ರ ಜೂನ್ 6ರಂದು ಪ್ರಾಗ್‌ನಲ್ಲಿ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಆಗ ಅವನಿಗೆ ನಲವತ್ತು. ಅದೇ ವರ್ಷದ ಬಾರ್ಸಿಲೋನ ಪಂದ್ಯಾವಳಿಯಲ್ಲಿ ಆ ನಾಡಿನ ಹೆಸರಿನ ಒಂದು ಆರಂಭ ಬೇಕೆಂದು ಸಂಘಟಕರು ತಾರ್ತಕೋವರನನ್ನು ಕೇಳಿಕೊಂಡರು. ಅವನು ಡಿ4, ಸಿ4, ಜಿ3 ಆಡಿ ಒಂಟೆಯನ್ನು ಜಿ2ರಲ್ಲಿ ಕೂರಿಸಿ ಅದಕ್ಕೆ ಕ್ಯಾಟಲಾನ್ ಎಂದು ಹೆಸರಿಟ್ಟ. ನ್ಯೂಯಾರ್ಕಿನಲ್ಲಿ ಬೊಗೊಲ್ಯೂಬೊವ್ ಎದುರು ಎಂಟನೆಯ ನಡೆ ಮುಗಿದಾಗ ರೇಟಿಯ ಕಾಲಾಳುಗಳೂ ಆ ಒಂಟೆಯೂ ಇದ್ದದ್ದು ಇದೇ ಮನೆಗಳಲ್ಲಿ.